ವೇಲ್ಸಿಗೆ ಹೋದ ನೀರಿನ ಟ್ಯಾಂಕು

ಮಹಡಿ ಕೋಣೆ, ಚಾಮರಾಜಪೇಟೆ

ದೇವನಹಳ್ಳಿಯ ಆಚೆಗಿದ್ದ ಒಂದು ರೈಲ್ವೆ ಸ್ಟೇಷನ್ ನೋಡಿಬರಲು ನಾನು ವೇಲ್ಸಿಗೆ ಹೋಗಬೇಕಾಯಿತು. ದಾರಿ ಸ್ವಲ್ಪ ಸುತ್ತಾಯಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಸ್ಟೇಷನ್ ಈಗ ದೇವನಹಳ್ಳಿಯ ಆಚೆಗೆ ಇಲ್ಲ. ಇರುವುದು ವೇಲ್ಸಿನಲ್ಲಿ, ಒಬ್ಬ ಮುದುಕರ ಹಿತ್ತಲಿನ ಮರದ ಶೆಡ್ಡಿನಲ್ಲಿ.

ಒಂದು ಕಾಲಕ್ಕೆ ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಸಣ್ಣ ರೈಲು ಓಡುತ್ತಿತ್ತು. ನ್ಯಾರೋ ಗೇಜ್. ಎರಡು ಹಳಿಗಳ ನಡುವೆ ಎರಡೂವರೆ ಅಡಿ. ನಮ್ಮ ಮನೆಯ ಜಗುಲಿ ಅದಕ್ಕಿಂತ ಅಗಲ. ಅಡ್ಡ ಬಂದ ಎಮ್ಮೆಗೆ ದಾರಿ ಬಿಟ್ಟು ಆಮೇಲೆ ಮುಂದೆ ಹೋಗುವಷ್ಟು ಸಂಸ್ಕಾರ ಆ ರೈಲಿಗಿತ್ತು. ಆ ದಾರಿಯಲ್ಲಿ ಬೇವಿನಕಟ್ಟೆ ಎಂಬ ಪುಟ್ಟ ಸ್ಟೇಷನ್. ಹೆಂಚಿನ ಒಂದು ಕೋಣೆ, ಒಂದು ಕಲ್ಲುಬೆಂಚು, ಎಂಜಿನ್ನಿಗೆ ನೀರು ತುಂಬಿಸಲು ಕಬ್ಬಿಣದ ಕಾಲುಗಳ ಮೇಲೆ ಒಂದು ಟ್ಯಾಂಕು. ಹಳಿಯನ್ನು ಅಗಲ ಮಾಡುವಾಗ ಇದೆಲ್ಲವನ್ನೂ ಕಿತ್ತುಹಾಕಿದರು. ಈಗ ಅಲ್ಲಿಗೆ ಹೋದರೆ ಸೈಟುಗಳು ಮಾರಾಟಕ್ಕಿವೆ ಎಂಬ ಬೋರ್ಡು ಕಾಣುತ್ತದೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ನನ್ನ ವಾರಿಗೆಯವರು ಬೆಳಿಗ್ಗೆ ಪಾರ್ಕಿನಲ್ಲಿ ಕೈಕಾಲು ಬೀಸುತ್ತಾರೆ, ಸಂಜೆ ದೇಶದ ಭವಿಷ್ಯ ನೆನೆದು ಕಳವಳಪಡುತ್ತಾರೆ. ನಾನು ಸಣ್ಣ ರೈಲಿನ ಹಳೆಯ ಫೋಟೋಗಳನ್ನು ಕೂಡಿಡುತ್ತೇನೆ. ಅವನ್ನು ಎದುರಿಗಿಟ್ಟುಕೊಂಡು ರಟ್ಟು, ತಗಡು, ಬಿದಿರುಸೀಳುಗಳಿಂದ ಆ ರೈಲುದಾರಿಯ ಮಾದರಿ ಕಟ್ಟುತ್ತೇನೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಯಾರ‍್ಯಾರದೋ ಮನೆಯಿಂದ ಬಂದ ಫೋಟೋಗಳ ಕಟ್ಟುಗಳಿರುತ್ತವೆ. ಮದುವೆ, ನಾಮಕರಣ, ಬೀಳ್ಕೊಡುಗೆ, ಎಲ್ಲವನ್ನೂ ಸರಿಸಿ ಸರಿಸಿ, ಮೂಲೆಯಲ್ಲೆಲ್ಲಾದರೂ ಒಂದು ಗಾಲಿ ಕಂಡರೆ ನಾನು ಬಾಚಿಕೊಳ್ಳುತ್ತೇನೆ. ಅಂಗಡಿಯವರು ನನ್ನನ್ನು ರೈಲು ಮೇಷ್ಟ್ರು ಎನ್ನುತ್ತಾರೆ. ನನ್ನ ಹೆಂಡತಿ ವಿಮಲಾ ಏನೂ ಅನ್ನುವುದಿಲ್ಲ. ಮಹಡಿ ಕೋಣೆಗೆ ಕಸ ಗುಡಿಸಲು ಬರುವುದನ್ನು ನಿಲ್ಲಿಸಿದ್ದಾಳೆ, ಅಷ್ಟೆ.

ಮಹಡಿಯ ಮೇಲೆ ಬೇವಿನಕಟ್ಟೆ ಸ್ಟೇಷನ್ ಬಹುಮಟ್ಟಿಗೆ ಮುಗಿದಿತ್ತು. ಟ್ಯಾಂಕು ಮಾತ್ರ ಅಂಟಿಸಿರಲಿಲ್ಲ. ಬೆಂಕಿಪೊಟ್ಟಣದಷ್ಟಿರುವ ಆ ತಗಡಿನ ಟ್ಯಾಂಕನ್ನು ಒಂದು ವರ್ಷ ಸ್ಟೇಷನ್ನಿನ ಬಲಗಡೆ ಇಡುತ್ತಿದ್ದೆ, ಇನ್ನೊಂದು ವರ್ಷ ಎಡಗಡೆ. ಇದಕ್ಕೆ ಕಾರಣ ವೇಲ್ಸಿನ ಎಮ್ರಿಸ್.

ಎಮ್ರಿಸ್ ಎಂಬತ್ತು ದಾಟಿದವರು, ಔಷಧಿ ಅಂಗಡಿ ಇಟ್ಟಿದ್ದವರು. ಪ್ರಾಯದಲ್ಲಿ ಜಗತ್ತಿನ ಸಣ್ಣ ರೈಲುಗಳನ್ನೆಲ್ಲ ಹತ್ತಿ ಇಳಿದವರು. ಇಂಟರ್‌ನೆಟ್ಟಿನಲ್ಲಿ ಈ ಹುಚ್ಚಿನವರದೇ ಒಂದು ಗುಂಪಿದೆ, ಅಲ್ಲಿ ಪರಿಚಯ. ಅವರೂ ಬೇವಿನಕಟ್ಟೆಯ ಮಾದರಿ ಕಟ್ಟುತ್ತಿದ್ದರು. ಟ್ಯಾಂಕು ಎಡಗಡೆಗಿತ್ತು ಎಂದು ಅವರು ಬರೆದರು. ಬಲಗಡೆಗಿತ್ತು ಎಂದು ನಾನು ಬರೆದೆ. ನನ್ನ ಬಳಿ ಫೋಟೋ ಇದೆ ಎಂದು ಅವರು ಬರೆದರು. ನನ್ನ ಬಳಿ ಇದ್ದದ್ದು ನನ್ನ ತಾತ.

ನನಗಾಗ ಐದು ವರ್ಷವಿರಬೇಕು. ತಾತನ ತಂಗಿಯ ಮನೆಗೆಂದು ಸಣ್ಣ ರೈಲಿನಲ್ಲಿ ಹೋಗಿ ಬೇವಿನಕಟ್ಟೆಯಲ್ಲಿ ಇಳಿದೆವು. ಸ್ಟೇಷನ್ನಿಗೆ ಮುಖ ಮಾಡಿ ನಿಂತರೆ ಬಲಗಡೆಯ ತುದಿಯಲ್ಲಿ ಎಂಜಿನ್ನು ನಿಂತಿತ್ತು, ಅದರ ಮೇಲೆ ಟ್ಯಾಂಕಿನ ನೀರು ಸುರಿಯುತ್ತಿತ್ತು. ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಷ್ಟು ದೂರ ನಡೆದರು. ನೀರು ನನ್ನ ಮುಖಕ್ಕೆ ಸಿಡಿಯಿತು. "ನೋಡು, ಇದಕ್ಕೂ ನಮ್ಮ ಹಂಗೇ ಬಾಯಾರುತ್ತೆ" ಎಂದರು. ಅದೇ ವರ್ಷ ತೀರಿಕೊಂಡರು. ತಾತನ ವಿಷಯದಲ್ಲಿ ನನ್ನ ಪಾಲಿಗೆ ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಬೇರೆಯವರು ಹೇಳಿದ್ದು.

ಹೀಗಾಗಿ ಟ್ಯಾಂಕು ಎಡಗಡೆಗೆ ಹೋದರೆ ಟ್ಯಾಂಕೊಂದೇ ಹೋಗುವುದಿಲ್ಲ.

ಫೋಟೋದ ಒಂದು ಪ್ರತಿ ಕಳಿಸಿ ಎಂದು ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವವರು ನಮ್ಮ ಮಂದಿಯ ಮಡಿ ಅರಿಯದವರು. ಈ ಸಂಗ್ರಹಕಾರರಲ್ಲಿ ಹಳೆಯ ತಲೆಮಾರಿನವರಿಗೆ ಒಂದು ಕಟ್ಟುನಿಟ್ಟಿದೆ: ಚಿತ್ರಕ್ಕೆ ಚಿತ್ರ, ಕೈಯಿಂದ ಕೈಗೆ. ದುಡ್ಡು ಕೊಡುವುದೆಂದರೆ ಅವಮಾನ, ಪ್ರತಿ ತೆಗೆದು ಕಳಿಸುವುದೆಂದರೆ ವ್ಯಭಿಚಾರ. ಎಮ್ರಿಸ್ ಅಂಥವರು. ಒಮ್ಮೆ ಬಂದುಬಿಡಿ ಎಂದರು. ಅವರ ಮಾದರಿಯನ್ನು ಊರಿನ ಸಭಾಭವನದಲ್ಲಿ ಪ್ರದರ್ಶನಕ್ಕೆ ಇಡುವವರಿದ್ದರು. ಅದಕ್ಕೆ ಸರಿಯಾಗಿ ಹೊರಡುವುದೆಂದಾಯಿತು.

"ಒಂದು ಟ್ಯಾಂಕು ಎಲ್ಲಿತ್ತು ಅಂತ ಕೇಳೋಕೆ ಅಷ್ಟು ದೂರ ಹೋಗ್ತೀರಾ?" ಎಂದಳು ವಿಮಲಾ.

ಹೌದು ಎಂದೆ.

"ಹಾಗಾದ್ರೆ ನಾನೂ ಬರ್ತೀನಿ. ಅವರು ಎಡಗಡೆ ಅಂದ್ರೆ ನಿಮ್ಮನ್ನ ವಾಪಸ್ ಕರ್ಕೊಂಡು ಬರೋಕೆ ಯಾರಾದ್ರೂ ಬೇಕಲ್ಲ."

ವಿಮಾನ ನಿಲ್ದಾಣದ ತಪಾಸಣೆ

ವಿಮಾನ ನಿಲ್ದಾಣವಿರುವುದೂ ದೇವನಹಳ್ಳಿಯಲ್ಲೇ. ಕ್ಯಾಬಿನಲ್ಲಿ ಕೂತು ಆ ಅಗಲವಾದ ರಸ್ತೆಯಲ್ಲಿ ಹೋಗುವಾಗ, ಬೇವಿನಕಟ್ಟೆಯಿದ್ದ ಜಾಗದ ಕಡೆಗೆ ನಾನು ಗೌರವದಿಂದ ತಲೆ ಬಾಗಿಸಿದೆ. ಡ್ರೈವರು ನನಗೆ ತೂಕಡಿಕೆ ಎಂದುಕೊಂಡು ಹಾಡಿನ ಸದ್ದು ಕಡಿಮೆ ಮಾಡಿದ.

ಟ್ಯಾಂಕನ್ನು ಹತ್ತಿಯಲ್ಲಿ ಸುತ್ತಿ, ಚ್ಯವನಪ್ರಾಶದ ಖಾಲಿ ಡಬ್ಬಿಯಲ್ಲಿಟ್ಟು ಕೋಟಿನ ಜೇಬಿನಲ್ಲಿ ಇರಿಸಿಕೊಂಡಿದ್ದೆ. ತಪಾಸಣೆಯ ಯಂತ್ರದೊಳಗೆ ಅದು ಹೇಗೆ ಕಂಡಿತೋ, ಸಮವಸ್ತ್ರದ ಯುವಕನೊಬ್ಬ ಡಬ್ಬಿ ತೆಗೆಸಿ, ಹತ್ತಿ ಬಿಡಿಸಿ, ಇದೇನು ಸರ್ ಎಂದು ಕೇಳಿದ. ನೀರಿನ ಟ್ಯಾಂಕು ಎಂದೆ. ಆತ ಮೇಲಧಿಕಾರಿಯನ್ನು ಕರೆದ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲ ಕಡೆಯಿಂದಲೂ ನೋಡಿ, ಇದನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದರು. ಎಲ್ಲಿಡಬೇಕು ಎಂದು ಕೇಳಲು ವೇಲ್ಸಿಗೆ ಎಂದು ಸತ್ಯವನ್ನೇ ಹೇಳಿದೆ. ಸತ್ಯಕ್ಕೆ ಅಂಥ ಜಾಗಗಳಲ್ಲಿ ಬೆಲೆ ಕಡಿಮೆ. ಅವರು ನನ್ನನ್ನು ಬಿಟ್ಟು ವಿಮಲಾಳ ಮುಖ ನೋಡಿದರು. ಅವಳು ಕೈಯಲ್ಲಿ ಒಂದು ಸನ್ನೆ ಮಾಡಿದಳು. ಏನು ಸನ್ನೆ ಎಂದು ನನಗೆ ಕಾಣಲಿಲ್ಲ. ಅವರು ತಕ್ಷಣ ಬಹಳ ಮೃದುವಾಗಿ, ಹುಷಾರಾಗಿ ಹೋಗಿಬನ್ನಿ ಸರ್ ಎಂದು ಡಬ್ಬಿ ವಾಪಸ್ಸು ಕೊಟ್ಟರು.

ಸ್ಲೇಟುಕಲ್ಲಿನ ಊರು

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ನೀವು ಓದಲಾರಿರಿ. ಓದಿದರೂ ಆ ಊರಿನವರು ಒಪ್ಪಲಾರರು. ಸ್ವರಗಳನ್ನು ಬಹಳ ಹಿಡಿತದಲ್ಲಿ ಖರ್ಚು ಮಾಡುವ ಜನ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸ್ಲೇಟುಕಲ್ಲಿನ ಬೆಟ್ಟ. ನಾವು ಚಿಕ್ಕಂದಿನಲ್ಲಿ ಬಳಪದಲ್ಲಿ ಅ ಆ ತಿದ್ದಿದ ಸ್ಲೇಟನ್ನೇ ಅವರು ಮನೆಯ ಮಾಡಿಗೆ ಹೊದಿಸುತ್ತಾರೆ, ಬೇಲಿಗೆ ನೆಡುತ್ತಾರೆ, ಸಮಾಧಿಗೂ ನಿಲ್ಲಿಸುತ್ತಾರೆ. ಮಳೆ ಬಂದು ಎಲ್ಲವನ್ನೂ ದಿನಾ ಒರೆಸುತ್ತದೆ.

ಬೆಟ್ಟದಿಂದ ಕಲ್ಲು ಸಾಗಿಸಲು ಹಾಕಿದ ಸಣ್ಣ ರೈಲನ್ನು ಅವರು ಕಿತ್ತುಹಾಕಿಲ್ಲ. ನಿವೃತ್ತರಾದವರು ಸೇರಿ ನಡೆಸುತ್ತಾರೆ. ಬಾವುಟ ಹಿಡಿದ ಗಾರ್ಡು ಹಲ್ಲಿನ ಡಾಕ್ಟರಾಗಿದ್ದವರು. ಟಿಕೆಟ್ಟಿಗೆ ತೂತು ಹೊಡೆಯುವಾಗ ಅವರ ಕೈಯಲ್ಲಿ ಹಳೆಯ ನಿಷ್ಠೆ ಕಾಣುತ್ತಿತ್ತು. ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು ನ್ಯಾಯಾಧೀಶರಾಗಿದ್ದವರು. ಮುಖವೆಲ್ಲ ಮಸಿ, ಪರಮಾನಂದ. ನಮ್ಮಲ್ಲಿ ನಿವೃತ್ತನಾದವನಿಗೆ ಹಾಲು ತರುವ ಕೆಲಸ ಕೊಟ್ಟು, ಚಿಲ್ಲರೆ ಸರಿಯಾಗಿ ತಂದನೇ ಎಂದು ಲೆಕ್ಕ ಕೇಳುತ್ತೇವೆ. ಅಲ್ಲಿ ಅವನ ಕೈಗೆ ಒಂದು ಸಲಿಕೆ ಕೊಟ್ಟು ಬೆಂಕಿಯ ಮುಂದೆ ನಿಲ್ಲಿಸುತ್ತಾರೆ. ಈ ವ್ಯತ್ಯಾಸವನ್ನು ವಿಮಲಾಳ ಗಮನಕ್ಕೆ ತಂದೆ. "ಸಲಿಕೆ ಬೇಕಿದ್ರೆ ಕಲಾಸಿಪಾಳ್ಯದಲ್ಲಿ ಸಿಗುತ್ತೆ, ಹಾಲು ನೀವೇ ತರಬೇಕು" ಎಂದಳು.

ಎಮ್ರಿಸ್ ಸ್ಟೇಷನ್ನಿಗೇ ಬಂದಿದ್ದರು. ಬಿದಿರುಕೋಲಿನಂಥ ಆಳು, ಹುಬ್ಬುಗಳು ಮಾತ್ರ ಸೊಂಪಾಗಿ ಬೆಳೆದಿವೆ. ಶ್ರೀಕಂಠ ಎಂಬ ನನ್ನ ಹೆಸರನ್ನು ಒಂದೆರಡು ಸಲ ಪ್ರಯತ್ನಿಸಿ, ಕೊನೆಗೆ ಶ್ರೀ ಎಂದು ಕರೆಯತೊಡಗಿದರು; ಹೆಸರನ್ನು ಬಿಟ್ಟು ಮರ್ಯಾದೆಯನ್ನಷ್ಟೇ ಉಳಿಸಿಕೊಂಡರು. ಅವರ ಹೆಂಡತಿ ಮೇಗನ್ ಗುಂಡಗಿನ, ನಗುಮುಖದ ಹೆಂಗಸು. ಮಳೆ ಬಂದದ್ದಕ್ಕೆ ನಮ್ಮ ಬಳಿ ಕ್ಷಮೆ ಕೇಳಿದರು. ಅಲ್ಲಿನವರಿಗೆ ಮಳೆ ಬಂದರೆ ಅದು ತಮ್ಮ ಕಡೆಯಿಂದಾದ ಲೋಪ.

ಇವರ ಇಂಗ್ಲಿಷನ್ನು ನಾನು ನಮ್ಮ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ. ಎಮ್ರಿಸ್ ಅಲ್ಲಲ್ಲಿ ಚಾಮರಾಜಪೇಟೆಯವರಂತೆ ಕೇಳಿಸಿದರೆ ತಪ್ಪು ಅವರದಲ್ಲ.

ಶೆಡ್ಡು

ಅದೇ ಸಂಜೆ ಎಮ್ರಿಸ್ ನನ್ನನ್ನು ಹಿತ್ತಲಿನ ಶೆಡ್ಡಿಗೆ ಕರೆದೊಯ್ದು ದೀಪ ಹಾಕಿದರು.

ಉದ್ದನೆಯ ಮೇಜಿನ ಮೇಲೆ ಬೇವಿನಕಟ್ಟೆ ಇತ್ತು. ಹೆಂಚುಗಳ ನಡುವೆ ಹುಲ್ಲು ಹುಟ್ಟಿದ್ದು, ಬೆಂಚಿನ ಒಂದು ಕಾಲು ಮುರಿದು ಇಟ್ಟಿಗೆ ಕೊಟ್ಟಿದ್ದು, ಗೋಡೆಗೆ ಯಾರೋ ಬಡಿದ ಬೆರಣಿಯ ಗುರುತು, ಎಲ್ಲವೂ ಇತ್ತು. ಉಗುರಿನುದ್ದದ ಜನ ಪ್ಲಾಟ್‌ಫಾರಮ್ಮಿನ ಮೇಲೆ ರೈಲಿಗೆ ಕಾದಿದ್ದರು. ಅವರಿಗೆ ಬಣ್ಣ ಬಳಿದವರು ಮೇಗನ್. ಬೇವಿನಕಟ್ಟೆ ಎಂದು ಕನ್ನಡದಲ್ಲಿ ಬರೆದ ಹಲಗೆಯೂ ಇತ್ತು. ಅದು ಯಾರದೋ ಫೋಟೋದಲ್ಲಿ ಹಲಗೆ ಒಂದೇ ಸಿಕ್ಕಿದ್ದನ್ನು ನೋಡಿ ತಿದ್ದಿದ್ದಂತೆ. ಹತ್ತಾರು ವರ್ಷದ ಕೆಲಸ. ನನ್ನ ಮಹಡಿಯ ಮೇಲಿರುವುದು ಇದರ ಮುಂದೆ ನವರಾತ್ರಿಯ ಗೊಂಬೆ ಕೂರಿಸಿದಂತೆ.

ಟ್ಯಾಂಕು ಎಡಗಡೆಗಿತ್ತು.

ಮೊದಲು ನನ್ನ ಚಿತ್ರ ಕೊಟ್ಟೆ, ಕ್ರಮ ಹಾಗೆ. ಅವೆನ್ಯೂ ರಸ್ತೆಯಲ್ಲಿ ಸಿಕ್ಕಿದ್ದು, ಸಣ್ಣ ರೈಲಿನಿಂದ ಒಂದು ಮದುವೆ ದಿಬ್ಬಣ ಇಳಿದು ನಿಂತ ಫೋಟೋ. ಎಮ್ರಿಸ್ ಭೂತಗನ್ನಡಿ ಹಿಡಿದು, ಅಂಚಿನಲ್ಲಿ ಅರ್ಧ ಕಾಣುವ ಎಂಜಿನ್ನನ್ನು ಬಹಳ ಹೊತ್ತು ನೋಡಿದರು. ಪೇಟ ಕಟ್ಟಿದ ಮದುವೆಗಂಡು, ಪಕ್ಕದಲ್ಲಿ ಹೆದರಿದ ಹೆಣ್ಣು, ಹಿಂದೆ ಇಡೀ ಊರು ನಿಂತಿತ್ತು. ಅವರ ಕಡೆ ಎಮ್ರಿಸರ ಕಣ್ಣು ಹೊರಳಲೇ ಇಲ್ಲ. ನಾನೂ ಅವರನ್ನು ನೋಡಿರಲಿಲ್ಲವೆಂದು ಈಗ ಹೊಳೆಯುತ್ತಿದೆ.

ಆಮೇಲೆ ಅವರು ತಮ್ಮದನ್ನು ತೆಗೆದರು. ಕಾಗದದ ಮೇಲಿನ ಫೋಟೋ ಅಲ್ಲ, ಸ್ಲೈಡು. ಅಂಚೆಚೀಟಿಯಷ್ಟಿರುವ ಬಣ್ಣದ ಫಿಲ್ಮಿನ ತುಂಡು, ಸುತ್ತ ರಟ್ಟಿನ ಚೌಕಟ್ಟು. ಪ್ರೊಜೆಕ್ಟರಿಗೆ ಹಾಕಿ ದೀಪ ಆರಿಸಿದರು.

ಗೋಡೆಯ ತುಂಬ ಬೇವಿನಕಟ್ಟೆ. ಬಣ್ಣದಲ್ಲಿ. ಹಳಿಯ ಈಚೆಯಿಂದ ತೆಗೆದದ್ದು. ಸ್ಟೇಷನ್ನು, ಬೆಂಚು, ಜನ. ಎಡತುದಿಯಲ್ಲಿ ಎಂಜಿನ್ನು ನಿಂತು ನೀರು ಕುಡಿಯುತ್ತಿದೆ, ಮೇಲೆ ಟ್ಯಾಂಕು. ಎಡಗಡೆ. ಅನುಮಾನಕ್ಕೆ ಆಸ್ಪದವೇ ಇಲ್ಲದಷ್ಟು ಎಡಗಡೆ.

"ಬೆಂಗಳೂರಿನ ಕಡೆಗೆ ಹೊರಟಿದ್ದ ರೈಲು" ಎಂದರು ಎಮ್ರಿಸ್. ದೀಪ ಹಾಕಿ, "ಬೇಜಾರಾಯ್ತಾ ಶ್ರೀ?" ಎಂದು ಕೇಳಿದರು.

ಇಲ್ಲ ಎಂದೆ. ಕಣ್ಣನ್ನು ನಂಬಬೇಡಿ, ಡ್ರಾಯಿಂಗನ್ನು ನಂಬಿ ಎಂದು ಪಾಲಿಟೆಕ್ನಿಕ್ಕಿನಲ್ಲಿ ಆಯುಷ್ಯವೆಲ್ಲ ಹೇಳಿಕೊಂಡು ಬಂದವನು ನಾನು. ರಾತ್ರಿ ಊಟದ ಮೇಜಿನಲ್ಲಿ ಎದ್ದು ನಿಂತು, ಟ್ಯಾಂಕಿನ ವಿಷಯದಲ್ಲಿ ಚಾಮರಾಜಪೇಟೆಯು ಸೋಲೊಪ್ಪಿಕೊಂಡಿದೆ ಎಂದು ಘೋಷಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಮಲಾ ತಟ್ಟಲಿಲ್ಲ.

ಹಾಸಿಗೆಯಲ್ಲಿ ಕೇಳಿದಳು, ಹಾಗಾದರೆ ತಾತ ಹೆಗಲ ಮೇಲೆ ಕೂರಿಸಿಕೊಂಡದ್ದು ಎಂದು. ಅಮ್ಮ ಹೇಳಿದ ಯಾವುದೋ ಕಥೆಯನ್ನು ನನ್ನದೆಂದುಕೊಂಡಿರಬೇಕು ಎಂದೆ. ಮಕ್ಕಳಲ್ಲಿ ಅದು ಸಾಮಾನ್ಯ ಎಂದೂ ಸೇರಿಸಿದೆ. ಗೋಡೆಯ ಕಡೆಗೆ ತಿರುಗಿ ಮಲಗಿದೆ. ಅಲ್ಲಿನ ಗೋಡೆಗಳಿಗೂ ಹೂವಿನ ಕಾಗದ ಅಂಟಿಸಿರುತ್ತಾರೆ. ಎಷ್ಟು ಹೊತ್ತು ಬೇಕಾದರೂ ನೋಡುತ್ತಿರಬಹುದು.

ಮೇಗನ್ ಉಟ್ಟ ಸೀರೆ

ಮಾರನೆಯ ದಿನ ವಿಮಲಾ ತಾನು ತಂದಿದ್ದ ಇಳಕಲ್ ಸೀರೆಯನ್ನು ಮೇಗನ್‌ಗೆ ಕೊಟ್ಟಳು. ಕೊಟ್ಟ ಮೇಲೆ ಉಡಿಸಬೇಕು. ಇಬ್ಬರೂ ಮೇಲಿನ ಕೋಣೆಗೆ ಹೋದರು. ನಾನು, ಎಮ್ರಿಸ್ ಶೆಡ್ಡಿನಲ್ಲಿ ಅದೇ ಸ್ಲೈಡನ್ನು ಹಾಕಿಕೊಂಡು, ಎಂಜಿನ್ನಿನ ಹೊಗೆಗೊಳವೆಯ ಪಟ್ಟಿ ತಾಮ್ರದ್ದೋ ಹಿತ್ತಾಳೆಯದೋ ಎಂಬ ಗಹನವಾದ ವಿಚಾರದಲ್ಲಿ ಮುಳುಗಿದ್ದೆವು.

ಮೇಲೆ ನಡೆದದ್ದನ್ನು ಆಮೇಲೆ ವಿಮಲಾ ಹೇಳಿದ್ದು. ನೆರಿಗೆ ಹಿಡಿದು, ಸೆರಗನ್ನು ಎಡ ಹೆಗಲಿಗೆ ಹಾಕಿದ ಕೂಡಲೇ ಮೇಗನ್, ಅಲ್ಲ, ಈ ಕಡೆಗೆ ಎಂದು ಬಲ ಹೆಗಲು ತೋರಿಸಿದರಂತೆ. ವಿಮಲಾ ಎಡಕ್ಕೇ ಎಂದಳು. ಮೇಗನ್ ಒಪ್ಪಲಿಲ್ಲ. ಬೇವಿನಕಟ್ಟೆಯ ಹೆಂಗಸರಿಗೆಲ್ಲ ಸೆರಗು ಬರೆದದ್ದು ನಾನೇ, ಒಬ್ಬೊಬ್ಬರನ್ನೂ ಸ್ಲೈಡು ನೋಡಿಕೊಂಡೇ ಬರೆದೆ, ಎಲ್ಲರಿಗೂ ಬಲಕ್ಕೆ ಎಂದರು. ಹುಟ್ಟಿದಾಗಿನಿಂದ ಸೀರೆ ಕಂಡವಳಿಗೂ, ಕೂದಲೆಳೆಯಂಥ ಕುಂಚದಲ್ಲಿ ಸೀರೆ ಬರೆದವಳಿಗೂ ಜಟಾಪಟಿ. ತೀರ್ಮಾನಕ್ಕೆ ಇಬ್ಬರೂ ಶೆಡ್ಡಿಗೆ ಬಂದರು.

ವಿಮಲಾ ಗೋಡೆಯ ಮೇಲಿನ ಚಿತ್ರವನ್ನು ನೋಡಿದಳು. ಅದರಲ್ಲಿ ರೈಲಿದೆ ಎಂಬುದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ. ಬೆಂಚಿನ ಮೇಲೆ ಕೂತ ಹೆಂಗಸು, ನೀರಿನ ಬಿಂದಿಗೆಯವಳು, ಮಗುವನ್ನೆತ್ತಿಕೊಂಡವಳು, ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ಕನ್ನಡದಲ್ಲಿ ನನಗೆ ಹೇಳಿದಳು.

"ರೀ, ಈ ಫೋಟೋ ಉಲ್ಟಾ ಇದೆ."

ನಾನು ಗೋಡೆಯ ಹತ್ತಿರಕ್ಕೆ ಹೋದೆ.

"ಎಲ್ಲಾರ ಸೆರಗೂ ಬಲಕ್ಕಿದೆ, ನೋಡಿ. ನಮ್ಮ ಕಡೆ ಯಾರು ಹಂಗೆ ಹೊದ್ಕೋತಾರೆ? ಅಲ್ಲಿ ಮೈಮೇಲೆ ಅಂಗಿ ಇಲ್ಲದೆ ನಿಂತಿದಾರಲ್ಲ, ಆ ಪುರೋಹಿತ್ರ ಜನಿವಾರ ನೋಡಿ."

ನೋಡಿದೆ. ಜನಿವಾರ ಬಲ ಹೆಗಲಿನಿಂದ ಇಳಿದಿತ್ತು. ಪಿತೃಕಾರ್ಯ ಮಾಡುವಾಗ ಬಿಟ್ಟರೆ ಜನಿವಾರ ಎಡ ಹೆಗಲ ಮೇಲಿರಬೇಕು. ರೈಲಿಗೆ ಕಾಯುತ್ತ ಪ್ಲಾಟ್‌ಫಾರಮ್ಮಿನಲ್ಲಿ ಯಾರೂ ಪಿತೃಗಳಿಗೆ ತರ್ಪಣ ಬಿಡುವುದಿಲ್ಲ. ರೈಲು ಎಷ್ಟೇ ತಡವಾಗಿರಲಿ.

ಫಿಲ್ಮನ್ನು ಚೌಕಟ್ಟಿಗೆ ಹಾಕುವಾಗಲೇ ಮಗುಚಿ ಹಾಕಿದ್ದರು. ಚಿತ್ರದಲ್ಲಿ ಎಡ ಇದ್ದದ್ದೆಲ್ಲ ಬಲ. ಅಂದರೆ ಟ್ಯಾಂಕು ಬಲಗಡೆ. ಅಂದರೆ ಎಂಜಿನ್ನು ಬಲತುದಿಯಲ್ಲಿ, ನೀರು, ನನ್ನ ಮುಖ, ತಾತನ ಹೆಗಲು.

ನಲವತ್ತಕ್ಕೂ ಹೆಚ್ಚು ವರ್ಷ ಎಮ್ರಿಸ್ ಈ ಚಿತ್ರವನ್ನು ನೋಡಿದ್ದಾರೆ. ಹಿಂದಿನ ಸಂಜೆಯಿಂದ ನಾನು ನೋಡಿದ್ದೇನೆ. ನಾವು ನೋಡಿದ್ದು ಹೊಗೆಗೊಳವೆಯ ಪಟ್ಟಿಯನ್ನು.

"ಏನಂತಾರೆ?" ಎಂದು ಎಮ್ರಿಸ್ ಕೇಳಿದರು. ಅವರ ಹಿಂದೆ, ಮೇಜಿನ ಉದ್ದಕ್ಕೂ, ಹತ್ತಾರು ವರ್ಷದ ಬೇವಿನಕಟ್ಟೆ ಉಲ್ಟಾ ನಿಂತಿತ್ತು. ಪ್ರದರ್ಶನ ಶನಿವಾರ. ಸಭಾಭವನದ ಬಾಗಿಲಿಗೆ ಅವರ ಹೆಸರು ಬರೆದು ಅಂಟಿಸಿಯಾಗಿತ್ತು.

"ಟೀ ಬಹಳ ಚೆನ್ನಾಗಿತ್ತು ಅಂತಿದ್ದಾಳೆ" ಎಂದೆ.

ಮೇಗನ್ ಸಂತೋಷಪಟ್ಟು, ಸೀರೆಯಲ್ಲೇ ಹೋಗಿ ದೊಡ್ಡ ಲೋಟದ ತುಂಬ ಟೀ ತಂದು ವಿಮಲಾಳ ಕೈಗೆ ಕೊಟ್ಟರು. ಆ ಟೀ ಬಿಸಿನೀರಿಗೆ ಟೀ ಪುಡಿಯ ವಿಷಯ ಹೇಳಿ ಇಳಿಸಿದಂತಿರುತ್ತದೆ. ವಿಮಲಾ ನನ್ನನ್ನೇ ನೋಡುತ್ತ ಅದನ್ನು ಪೂರ್ತಿ ಕುಡಿದಳು. ಅಂಥ ನೋಟವನ್ನು ನಾನು ಮದುವೆಯಾದ ಹೊಸತರಲ್ಲಿ ಒಮ್ಮೆ ಕಂಡಿದ್ದೆ.

ಸಮುದ್ರದ ದಂಡೆ

ಸಂಜೆ ದಂಡೆಯ ಮೇಲೆ ನಡೆಯುವಾಗ ವಿಚಾರಣೆ ನಡೆಯಿತು. ಆ ಊರಿನವರು ಗಾಳಿಗೆ ಎದುರಾಗಿ, ನಾಯಿಗಳ ಹಿಂದೆ, ಏನೋ ಕಳೆದುಕೊಂಡವರಂತೆ ನಡೆಯುತ್ತಾರೆ. ಎದುರಾದರೆ ಹವೆ ಚೆನ್ನಾಗಿದೆ ಎನ್ನುತ್ತಾರೆ. ನಮ್ಮ ಕೊಡೆ ಆಗತಾನೆ ಮಗುಚಿಕೊಂಡಿತ್ತು.

ಯಾಕೆ ಹೇಳಲಿಲ್ಲ ಎಂದು ವಿಮಲಾ ಕೇಳಿದಳು. ಹೇಗೆ ಹೇಳುವುದು ಎಂದೆ. ನನ್ನ ಹುಡುಗರು ಉಲ್ಟಾ ಡ್ರಾಯಿಂಗ್ ಬರೆದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ. ಅವರು ಹೊಸ ಹಾಳೆ ತೆಗೆದುಕೊಳ್ಳುತ್ತಿದ್ದರು. ಎಂಬತ್ತು ದಾಟಿದವರಿಗೆ ಹೊಸ ಹಾಳೆ ಎಲ್ಲಿಂದ ತರುವುದು? ನಾನು ಊರಿಗೆ ಹೋಗಿ ಟ್ಯಾಂಕನ್ನು ಬಲಕ್ಕೆ ಅಂಟಿಸುತ್ತೇನೆ, ಇವರು ಇಲ್ಲಿ ಎಡಕ್ಕಿಟ್ಟುಕೊಳ್ಳಲಿ, ನಡುವೆ ಇಷ್ಟು ಸಮುದ್ರಗಳಿವೆ ಎಂದೆ.

"ಎಲ್ಲಾರ ಎದುರಿಗೂ ಎದ್ದು ನಿಂತು ಸೋತೆ ಅಂದ್ರಲ್ಲ. ಅದು?"

ಅದು ಹಾಗೇ ಇರಲಿ ಎಂದೆ. ತಾತ ಸಿಕ್ಕಿದರಲ್ಲ.

ವಿಮಲಾ ಸ್ವಲ್ಪ ದೂರ ಹೋದ ಮೇಲೆ, ಮಗುಚಿದ ಕೊಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸರಿ ಮಾಡಿ, ನನ್ನ ತಲೆಯ ಮೇಲೆ ಹಿಡಿದಳು.

ಬೆಳಗಿನ ತಿಂಡಿ

ಮೇಗನ್‌ಗೆ ನಮ್ಮಂಥ ದಾಕ್ಷಿಣ್ಯವಿರಲಿಲ್ಲ. ಸೆರಗಿನ ಗುಟ್ಟನ್ನು ರಾತ್ರಿ ತಾವೇ ಬಿಡಿಸಿ ಗಂಡನಿಗೆ ಹೇಳಿಬಿಟ್ಟಿದ್ದರು. ಬೆಳಿಗ್ಗೆ ನಾವು ಕೆಳಗಿಳಿದಾಗ ಎಮ್ರಿಸ್ ಮೇಜಿನ ಮುಂದೆ ಕೂತಿದ್ದರು. ಬ್ರೆಡ್ಡಿನ ತಟ್ಟೆಯ ಪಕ್ಕ ಸ್ಲೈಡಿನ ರಟ್ಟಿನ ಚೌಕಟ್ಟು ಬಿಚ್ಚಿ ಬಿದ್ದಿತ್ತು. ಫಿಲ್ಮಿನ ತುಂಡನ್ನು ಚಿಮಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದ್ದರು. ಫಿಲ್ಮಿಗೆ ಒಂದು ಬದಿ ಹೊಳಪು, ಒಂದು ಬದಿ ಮಂಕು. ಮಂಕು ಬದಿ ಯಾವ ಕಡೆಗಿರಬೇಕಿತ್ತೋ ಅದರ ಎದುರು ಕಡೆಗಿತ್ತು.

"ನಾನೇ ಹಾಕಿದ್ದು" ಎಂದರು. "ಇದೇ ಮೇಜಿನ ಮೇಲೆ. ಹಾಗಾದರೆ ಆ ರೈಲು ಬೆಂಗಳೂರಿಗೆ ಬರ್ತಾ ಇರಲಿಲ್ಲ. ಬೆಂಗಳೂರಿಂದ ಹೋಗ್ತಾ ಇತ್ತು."

ಅಲ್ಲಿ ನೀವೇ ಇದ್ದಿರಲ್ಲ, ನೆನಪಿಲ್ಲವೇ ಎಂದು ವಿಮಲಾ ಕೇಳಿದಳು.

"ನಾನು ಎಂಜಿನ್ ನೋಡ್ತಿದ್ದೆ" ಎಂದರು ಎಮ್ರಿಸ್, ಅದಕ್ಕಿಂತ ಸಹಜವಾದ ಉತ್ತರವಿಲ್ಲವೆಂಬಂತೆ. ನನಗೂ ಅದು ಸಹಜವಾಗಿಯೇ ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ನಿನ್ನೆಯೇ ಗೊತ್ತಿತ್ತಲ್ಲವಾ, ಶ್ರೀ?"

"ಟೀ ನಿಜವಾಗ್ಲೂ ಚೆನ್ನಾಗಿತ್ತು" ಎಂದೆ.

ಅವರು ನಗಲಿಲ್ಲ. ಪ್ರದರ್ಶನಕ್ಕೆ ಇಡುವುದಿಲ್ಲ ಎಂದು ಸಭಾಭವನದವರಿಗೆ ತಿಳಿಸಿಬಿಡು ಎಂದು ಮೇಗನ್‌ಗೆ ಹೇಳಿ, ತಿಂಡಿ ಬಿಟ್ಟು ಎದ್ದು ಶೆಡ್ಡಿಗೆ ಹೋದರು. ಕಿಟಕಿಯಿಂದ ನೋಡಿದೆ. ಮಾದರಿಯ ಮುಂದೆ ನಿಂತಿದ್ದರು, ಕೈಗಳನ್ನು ಹಿಂದೆ ಕಟ್ಟಿಕೊಂಡು, ದೇವಸ್ಥಾನದಲ್ಲಿ ಗರ್ಭಗುಡಿಯ ಬಾಗಿಲು ಹಾಕಿದ ಮೇಲೆ ಬಂದವರ ಹಾಗೆ.

ಉಲ್ಟಾ ಡ್ರಾಯಿಂಗನ್ನು ಸರಿ ಮಾಡಲು ನನಗೆ ಗೊತ್ತಿದ್ದದ್ದು ಒಂದೇ ಉಪಾಯ: ಟ್ರೇಸಿಂಗ್ ಹಾಳೆಯಾದರೆ ಮಗುಚಿ ಹಿಂಬದಿಯಿಂದ ನೋಡುವುದು. ಮರ, ತಗಡು, ಗಾರೆಯ ಸ್ಟೇಷನ್ನನ್ನು ಮಗುಚುವುದು ಹೇಗೆ? ಯೋಚಿಸುತ್ತ ಮೇಲಿನ ಕೋಣೆಗೆ ಹೋದೆ. ವಿಮಲಾ ಮೇಗನ್ನರ ದೊಡ್ಡ ನಿಲುಗನ್ನಡಿಯ ಮುಂದೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸೆರಗು ಅವಳ ಎಡ ಹೆಗಲ ಮೇಲಿತ್ತು. ಕನ್ನಡಿಯೊಳಗಿನ ವಿಮಲಾಳಿಗೆ ಬಲ ಹೆಗಲ ಮೇಲೆ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷದ ಮೇಲೆ ಹೀಗೆ ನೋಡುತ್ತಿದ್ದಾರಲ್ಲ ಎಂದು ವಿಮಲಾಳಿಗೆ ಸಂಕೋಚವಾಯಿತು. "ಏನ್ರೀ ಅದು?" ಎಂದಳು. ಆ ಕನ್ನಡಿ ಕಳಚಲು ಬರುತ್ತದೆಯೇ ಎಂದು ನಾನು ಕೇಳಿದ್ದನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಶನಿವಾರ, ಊರಿನ ಸಭಾಭವನ

ನಿಲುಗನ್ನಡಿಯನ್ನು ಇಬ್ಬರು ಮುದುಕರು ಹೊತ್ತು ಊರಿನ ಬೀದಿಯಲ್ಲಿ ನಡೆದದ್ದು ಒಂದು ಸಣ್ಣ ಉತ್ಸವವೇ ಆಯಿತು. ಮುಂದೆ ಎಮ್ರಿಸ್, ಹಿಂದೆ ನಾನು, ನಡುವೆ ಕನ್ನಡಿಯೊಳಗೆ ವೇಲ್ಸಿನ ಮೋಡಗಳು. ಹಲ್ಲಿನ ಡಾಕ್ಟರು ಗಾರ್ಡು ಹಸಿರು ಬಾವುಟ ಬೀಸಿ ರಸ್ತೆ ದಾಟಿಸಿದರು. ಮೇಗನ್ ಇಳಕಲ್ ಸೀರೆ ಉಟ್ಟು, ಮಳೆಯಂಗಿ ತೊಟ್ಟು, ಸೆರಗನ್ನು ಎಡ ಹೆಗಲಿಗೇ ಹಾಕಿಕೊಂಡಿದ್ದರು.

ಕನ್ನಡಿಯಲ್ಲಿ ನೋಡಿದರೆ ಎಲ್ಲವೂ ಸರಿಹೋಗುತ್ತಿತ್ತು. ಸೆರಗು, ಜನಿವಾರ, ಟ್ಯಾಂಕು. ಊರಿನ ಹೆಸರಿನ ಹಲಗೆ ಮಾತ್ರ ಕೆಟ್ಟಿತು. ಇಡೀ ಮಾದರಿಯಲ್ಲಿ ಸರಿಯಾಗಿದ್ದದ್ದು ಅದೊಂದೇ ಆದ್ದರಿಂದ ಅದೊಂದನ್ನೇ ತಪ್ಪು ಮಾಡಬೇಕಾಯಿತು. ಆ ಕೆಲಸ ನನಗೆ ಬಂತು. ಹಿಂದಿನ ದಿನವೆಲ್ಲ ಕೂತು, ಮೇಗನ್ನರ ಕುಂಚದಲ್ಲಿ ಬೇವಿನಕಟ್ಟೆ ಎಂಬುದನ್ನು ಬಲದಿಂದ ಎಡಕ್ಕೆ, ಒತ್ತಕ್ಷರ ಸಮೇತ ಮಗುಚಿ ಬರೆದೆ. ಕನ್ನಡದ ಅಕ್ಷರಗಳು ಎಷ್ಟು ದುಂಡಗಿವೆಯೆಂದರೆ, ಉಲ್ಟಾ ಬರೆಸಿಕೊಂಡರೂ ಮುನಿಸಿಕೊಂಡಂತೆ ಕಾಣಲಿಲ್ಲ.

ನಾನು ಬರೆಯುತ್ತಿದ್ದಾಗ ಮೇಗನ್ ಪಕ್ಕದಲ್ಲಿ ಬಂದು ಕೂತಿದ್ದರು. ವಿಮಲಾ ಅವರಿಗೆ ಎಲ್ಲ ಹೇಳಿದ್ದಳು. ನಿಮ್ಮ ತಾತ ಏನು ಹಾಕಿಕೊಂಡಿದ್ದರು ಎಂದು ಕೇಳಿದರು. ಕಚ್ಚೆಪಂಚೆ, ಕಪ್ಪು ಕೋಟು, ತಲೆಗೆ ಬಿಳಿ ರುಮಾಲು ಎಂದೆ. ಅವರು ತಲೆಯಾಡಿಸಿ, ಸ್ವಲ್ಪ ಯೋಚಿಸಿ ಕೇಳಿದರು:

"ಕೋಟಿನ ಗುಂಡಿ ಯಾವ ಕಡೆಗೆ?"

ಶನಿವಾರ ಸಭಾಭವನದಲ್ಲಿ ಸಾಕಷ್ಟು ಜನ ಸೇರಿದ್ದರು. ಮಾದರಿಯ ಆಚೆಗೆ ಕನ್ನಡಿ ನಿಲ್ಲಿಸಿ, ಮಾದರಿಯ ಮುಖ ಕನ್ನಡಿಗೆ, ಬೆನ್ನು ಜನರಿಗೆ ಬರುವಂತೆ ಇಟ್ಟಿದ್ದೆವು. ದಯವಿಟ್ಟು ಸ್ಟೇಷನ್ನನ್ನು ನೋಡಬೇಡಿ, ಕನ್ನಡಿಯನ್ನು ನೋಡಿ ಎಂದು ಎಮ್ರಿಸ್ ಬಂದವರಿಗೆಲ್ಲ ಗಂಭೀರವಾಗಿ ಹೇಳುತ್ತಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಪರರ ಹುಚ್ಚಿಗೆ ಅಷ್ಟು ಮರ್ಯಾದೆ ಕೊಡುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜನ ಸ್ವಲ್ಪ ಕರಗಿದಾಗ ಎಮ್ರಿಸ್ ನನ್ನ ಕೈಗೆ ಸ್ಲೈಡು ಕೊಟ್ಟರು, ಸರಿಯಾಗಿ ಚೌಕಟ್ಟಿಗೆ ಹಾಕಿದ್ದು. ಚಿತ್ರಕ್ಕೆ ಚಿತ್ರ. ಆಮೇಲೆ ತಮ್ಮ ಜೇಬಿನಿಂದ ನಾನು ಕೊಟ್ಟಿದ್ದ ಮದುವೆ ದಿಬ್ಬಣದ ಫೋಟೋ ತೆಗೆದು, ಪೇಟದ ಹುಡುಗನ ಪಕ್ಕದಲ್ಲಿ ನಿಂತ ಆ ಹೆದರಿದ ಹೆಣ್ಣಿನ ಮೇಲೆ ಬೆರಳಿಟ್ಟರು.

"ಇವಳು ಯಾರು?"

ಗೊತ್ತಿಲ್ಲ ಎಂದೆ. ಇಬ್ಬರೂ ಅವಳನ್ನು ನೋಡಿದೆವು, ಎಂಜಿನ್ನಿಗೆ ಬೆನ್ನು ಹಾಕಿ.

ನಾನು ಮಂಡಿಯೂರಿ ಕನ್ನಡಿಯೊಳಗೆ ನೋಡಿದೆ. ಬೇವಿನಕಟ್ಟೆ ಎಂದು ಸರಿಯಾಗಿ ಓದಲು ಬಂತು. ಸ್ಟೇಷನ್ನಿಗೆ ಮುಖ ಮಾಡಿದರೆ ಬಲಗಡೆಯ ತುದಿಯಲ್ಲಿ ಎಂಜಿನ್ನು ನಿಂತಿತ್ತು. ಅದರ ಮೇಲೆ ಟ್ಯಾಂಕು. ಟ್ಯಾಂಕಿನ ಕೆಳಗೆ ಕಪ್ಪು ಕೋಟಿನ, ಬಿಳಿ ರುಮಾಲಿನ ಒಬ್ಬ ಉಗುರಿನುದ್ದದ ಮುದುಕರು ನಿಂತಿದ್ದರು. ಅವರ ಕೋಟಿನ ಗುಂಡಿಗಳು ಸರಿಯಾದ ಕಡೆಗಿದ್ದವು. ಹೆಗಲ ಮೇಲೆ ಸಾಸಿವೆಕಾಳಿನ ತಲೆಯ ಮಗು. ನನ್ನ ಜೇಬಿನಲ್ಲಿ ಚ್ಯವನಪ್ರಾಶದ ಡಬ್ಬಿ ಇತ್ತು. ಅದರೊಳಗಿನ ಟ್ಯಾಂಕಿಗೆ ಇನ್ನು ಅಲೆದಾಟವಿಲ್ಲ ಎಂದುಕೊಂಡೆ. ಕನ್ನಡಿಯಲ್ಲಿ ಅವರಿಬ್ಬರ ಹಿಂದೆ, ಬೆಟ್ಟದಷ್ಟು ದೊಡ್ಡದಾಗಿ, ಕನ್ನಡಕ ಹಾಕಿದ ಒಂದು ಬೋಳುತಲೆ ಇಣುಕುತ್ತಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ.

"ಸ್ವಲ್ಪ ಜರುಗ್ರೀ" ಎಂದಳು ವಿಮಲಾ ಹಿಂದಿನಿಂದ, ನನ್ನ ಹೆಗಲ ಮೇಲೆ ಕೈಯಿಟ್ಟು. "ನಾನೂ ತಾತನ್ನ ನೋಡ್ಬೇಕು."